ಹಳಿ ಮೇಲೆ ಕಾಲಿಟ್ಟರೆ: ಆರ್‌ಪಿಎಫ್ ಹಿಡಿಯುವುದು ಹೇಗೆ, ಮುಂದೆ ಏನಾಗುತ್ತದೆ

ಕಾಂಪೌಂಡಿನಲ್ಲಿ ಒಂದು ಕಂಡಿ ಇದೆ, ಹಳಿಯ ಆಚೆ ಬಸ್ ಸ್ಟಾಪ್ ಇದೆ, ದಿನವೂ ಜನ ಅಲ್ಲೇ ಓಡಾಡುತ್ತಾರೆ. ಬೆಂಗಳೂರಿನಲ್ಲಿ ರೈಲ್ವೆ ಹಳಿ ದಾಟುವವರಲ್ಲಿ ಬಹುಪಾಲು ಮಂದಿಗೆ ತಾವು ಅಪರಾಧ ಮಾಡುತ್ತಿದ್ದೇವೆ ಅನ್ನಿಸುವುದೇ ಇಲ್ಲ. ಆದರೆ ರೈಲ್ವೆ ಕಾಯ್ದೆ 1989ರ 147ನೇ ಕಲಂ ಪ್ರಕಾರ ಅದು 6 ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದಾದ ಅಪರಾಧ. ವಿಶೇಷ ಕಾರಣವನ್ನು ತೀರ್ಪಿನಲ್ಲಿ ಬರೆಯದೆ ನ್ಯಾಯಾಲಯ 500 ರೂಪಾಯಿಗಿಂತ ಕಡಿಮೆ ದಂಡ ಹಾಕುವಂತಿಲ್ಲ. ನಿಜ ಹೇಳಬೇಕೆಂದರೆ ದಂಡದ ಮೊತ್ತ ದೊಡ್ಡದಲ್ಲ. ಠಾಣೆ, ಜಾಮೀನು, ಕೋರ್ಟು ಅಂತ ಹೋಗುವ ದಿನವೇ ದುಬಾರಿ.

ಅತಿಕ್ರಮ ಎಲ್ಲಿಂದ ಶುರುವಾಗುತ್ತದೆ

ಕಬ್ಬಿಣದ ಹಳಿಯಿಂದ ಅಲ್ಲ, ರೈಲ್ವೆ ಜಾಗದ ಗಡಿಯಿಂದ. ಹಳಿ ಮುಟ್ಟದೆ ಪಕ್ಕದ ಜಲ್ಲಿಯ ಅಂಚಿನಲ್ಲಿ ನಡೆದರೂ, ಬೆಳಗ್ಗೆ ವಾಕಿಂಗ್ ಹೋದರೂ, ರೀಲ್ಸ್ ಮಾಡಲು ನಿಂತರೂ ಕಲಂ ಒಂದೇ.

ಟಿಕೆಟ್ ಇದ್ದವರೂ ಸಿಕ್ಕಿಬೀಳುತ್ತಾರೆ. ಟಿಕೆಟ್‌ನಿಂದ ಸಿಗುವ ಅನುಮತಿ ರೈಲು, ಪ್ಲಾಟ್‌ಫಾರಂ, ಮೇಲ್ಸೇತುವೆ, ಸುರಂಗಮಾರ್ಗ ಇಷ್ಟಕ್ಕೇ. ಮೆಜೆಸ್ಟಿಕ್ಕಿಗೆ ಬರುವ ರೈಲು ಸಿಗ್ನಲ್ ಸಿಗದೆ ಔಟರ್‌ನಲ್ಲಿ, ಅಂದರೆ ನಿಲ್ದಾಣಕ್ಕೆ ಮುಂಚೆಯೇ, ನಿಂತಾಗ ಇಳಿದು ಮನೆ ಕಡೆ ನಡೆಯುವುದು, ಪ್ಲಾಟ್‌ಫಾರಂ ಇಲ್ಲದ ಬದಿಗೆ ಧುಮುಕುವುದು, ಮೆಟ್ಟಿಲು ಹತ್ತಲು ಬೇಸರವಾಗಿ ಒಂದನೇ ಪ್ಲಾಟ್‌ಫಾರಂನಿಂದ ಎರಡಕ್ಕೆ ಹಳಿ ಮೇಲೆ ಹೋಗುವುದು, ಈ ಮೂರಕ್ಕೂ ‘ಟಿಕೆಟ್ ಇದೆ ಸಾರ್’ ಅನ್ನುವುದು ಉತ್ತರವಾಗುವುದಿಲ್ಲ.

ಹಳೆಯ ಗೇಟುಗಳ ವಿಷಯ ಬೇರೆ. ಅಂಡರ್‌ಪಾಸ್ ಅಥವಾ ಮೇಲ್ಸೇತುವೆ ಆದಮೇಲೆ ಲೆವೆಲ್ ಕ್ರಾಸಿಂಗ್ ಮುಚ್ಚುತ್ತಾರೆ. ಆಮೇಲೆ ಅದೇ ಜಾಗದಲ್ಲಿ ನಡೆದು ದಾಟಿದರೆ ಅದು ರಸ್ತೆಯಲ್ಲ, ಅತಿಕ್ರಮ. ‘ಹಿಂದಿನಿಂದಲೂ ಇದೇ ದಾರಿ’ ಎಂಬ ಮಾತನ್ನು ಯಾರೂ ಕೇಳುವುದಿಲ್ಲ.

ಯಾರು ಯಾವ ಪೊಲೀಸ್

ರೈಲ್ವೆ ರಕ್ಷಣಾ ಪಡೆ, ಅಂದರೆ ಆರ್‌ಪಿಎಫ್, 1957ರ ಕಾಯ್ದೆಯ ಪ್ರಕಾರ ಬಂದ ಕೇಂದ್ರದ ಪಡೆ. ಹಳಿ ಅತಿಕ್ರಮದ ಕೇಸು ಹಾಕುವುದು ಇವರು. ಸರ್ಕಾರಿ ರೈಲ್ವೆ ಪೊಲೀಸ್, ಅಂದರೆ ಜಿಆರ್‌ಪಿ, ಕರ್ನಾಟಕ ಪೊಲೀಸ್ ಇಲಾಖೆಯ ಭಾಗ. ಕಳವು, ಹಲ್ಲೆ, ಹಳಿ ಮೇಲಿನ ಸಾವಿನ ತನಿಖೆ ಅವರದು. ರೈಲಿಗೆ ಸಿಕ್ಕಿ ಯಾರಾದರೂ ಸತ್ತರೆ ಅಸ್ವಾಭಾವಿಕ ಸಾವಿನ ಪ್ರಕರಣ ದಾಖಲಿಸಿ ಮಹಜರು ಮಾಡುವುದು ಜಿಆರ್‌ಪಿ. ಹಾಗಾಗಿ ಶವ ಕಂಡವರು ಅದನ್ನು ಸರಿಸಬಾರದು.

ಹಳಿಯಿಂದ ನಿಮ್ಮನ್ನು ಹೊರಗೆ ಕಳಿಸಲು ಆರ್‌ಪಿಎಫ್ ಬರಬೇಕೆಂದೇ ಇಲ್ಲ. 147ನೇ ಕಲಮಿನ ಎರಡನೇ ಭಾಗ ಯಾವುದೇ ರೈಲ್ವೆ ನೌಕರನಿಗೆ ಆ ಅಧಿಕಾರ ಕೊಡುತ್ತದೆ. ಸುತ್ತಿಗೆ ಹಿಡಿದ ಟ್ರ್ಯಾಕ್‌ಮ್ಯಾನ್ ‘ಆಚೆ ಹೋಗಿ’ ಅಂದರೆ ಅದು ಸಲಹೆಯಲ್ಲ.

ಹಿಡಿದ ಮೇಲೆ ನಡೆಯುವುದು

ಸಿಬ್ಬಂದಿಯ ಮೊದಲ ಕೆಲಸ ನಿಮ್ಮನ್ನು ಹಳಿಯಿಂದ ಈಚೆ ತರುವುದು. ಓಡಬೇಡಿ. ಪೊಲೀಸರನ್ನು ಕಂಡು ಪಕ್ಕದ ಹಳಿಗೆ ಹಾರುವವರ ಕಣ್ಣು ಹಿಂದಿರುತ್ತದೆ, ರೈಲು ಮುಂದಿನಿಂದ ಬರುತ್ತದೆ.

ಆಮೇಲೆ ಆರ್‌ಪಿಎಫ್ ಠಾಣೆ. ಕಾನ್‌ಸ್ಟೆಬಲ್ ಹಿಡಿದರೂ ಕೇಸಿನ ವಿಚಾರಣೆ ಮಾಡುವವರು ಅಧಿಕೃತ ಅಧಿಕಾರಿ, ಅಂದರೆ ಎಎಸ್‌ಐ ಅಥವಾ ಮೇಲಿನ ದರ್ಜೆಯವರು. ಬೇರೆಯವರು ಬಂಧಿಸಿದ್ದರೆ ತಡಮಾಡದೆ ಆ ಅಧಿಕಾರಿಗೆ ಒಪ್ಪಿಸಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಹೆಸರು, ವಿಳಾಸ, ಹಿಡಿದ ಜಾಗ, ಸಮಯ ಬರೆದುಕೊಳ್ಳುತ್ತಾರೆ, ಹೇಳಿಕೆ ಪಡೆಯುತ್ತಾರೆ. ಓದಿ ನೋಡಿ ಸಹಿ ಹಾಕಿ. ಭಾಷೆ ಗೊತ್ತಿಲ್ಲದಿದ್ದರೆ ಓದಿ ಹೇಳಲು ಕೇಳಿ.

ಬಂಧನದ ಕಾರಣ ತಿಳಿಸಬೇಕು, ನೀವು ಹೇಳಿದ ಒಬ್ಬರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅಸಾಧಾರಣ ಸಂದರ್ಭದಲ್ಲಿ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. 18 ತುಂಬದ ಹುಡುಗರನ್ನು ಲಾಕಪ್ಪಿನಲ್ಲಿ ಇಡುವಂತೆಯೇ ಇಲ್ಲ. ಮಕ್ಕಳ ಸಹಾಯವಾಣಿ 1098.

147 ಜಾಮೀನು ಸಿಗುವ ಅಪರಾಧ. ಜಾಮೀನು ಅಥವಾ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು ನಿಮ್ಮ ಹಕ್ಕೇ ಹೊರತು ಅವರ ಔದಾರ್ಯವಲ್ಲ. ಇಲ್ಲಿ ಕೆಲಸ ಕೆಡುವುದು ಸಾಮಾನ್ಯವಾಗಿ ವಿಳಾಸದಲ್ಲಿ. ಗುರುತಿನ ಚೀಟಿ ಇಲ್ಲ, ಪಿಜಿಯ ವಿಳಾಸ ಸರಿಯಾಗಿ ಗೊತ್ತಿಲ್ಲ, ಫೋನ್ ಸ್ವಿಚ್ ಆಫ್: ಹೀಗಾದಾಗ ಅರ್ಧ ಗಂಟೆಯ ಕೆಲಸ ಅರ್ಧ ದಿನವಾಗುತ್ತದೆ. ಡಿಜಿಲಾಕರ್‌ನಲ್ಲಿ ಆಧಾರ್ ಅಥವಾ ಡಿಎಲ್ ಇದ್ದರೆ ತೋರಿಸಿ. ಸುಳ್ಳು ಹೆಸರು ಹೇಳಿದರೆ ಸಣ್ಣ ಕೇಸನ್ನು ನೀವೇ ದೊಡ್ಡದು ಮಾಡಿಕೊಂಡಂತೆ. ‘ನಮ್ಮ ಭಾವ ಇಂಥ ಸ್ಟೇಷನ್ನಲ್ಲಿ ಇನ್‌ಸ್ಪೆಕ್ಟರ್’ ಅನ್ನುವ ಫೋನು ರಾಜ್ಯ ಪೊಲೀಸ್ ಠಾಣೆಯಲ್ಲಿ ಏನು ಮಾಡುತ್ತದೋ, ಕೇಂದ್ರದ ಪಡೆಯ ಠಾಣೆಯಲ್ಲಿ ಅಷ್ಟೂ ಮಾಡುವುದಿಲ್ಲ.

ದಂಡ ಹಾಕುವುದು ನ್ಯಾಯಾಲಯ. ಹಳಿಯ ಪಕ್ಕದಲ್ಲೇ ‘ಐನೂರು ಕೊಟ್ಟು ಹೋಗಿ’ ಅಂದರೆ ಕೊಡಬೇಡಿ. ಠಾಣೆಗೆ ಬರುತ್ತೇನೆ, ಕೇಸು ದಾಖಲಿಸಿ ಎಂದು ಶಾಂತವಾಗಿ ಹೇಳಿ, ಎದೆಯ ಮೇಲಿನ ಹೆಸರಿನ ಪಟ್ಟಿ ನೋಡಿಕೊಳ್ಳಿ, ರೈಲ್ವೆ ಸಹಾಯವಾಣಿ 139ಕ್ಕೆ ದೂರು ಕೊಡಿ. ಟಿಕೆಟ್ ಇಲ್ಲದವರಿಂದ ಟಿಟಿಇ ರಸೀದಿ ಕೊಟ್ಟು ಪಡೆಯುವ ಹಣ ಬೇರೆ ಲೆಕ್ಕ. ಎರಡನ್ನೂ ಕಲಸಿಕೊಂಡೇ ಜನ ಮೋಸ ಹೋಗುವುದು.

ಕೋರ್ಟಿನಲ್ಲಿ ಆರೋಪ ಓದಿ ಹೇಳುತ್ತಾರೆ. ತಪ್ಪೊಪ್ಪಿಕೊಂಡರೆ ಸಾಮಾನ್ಯವಾಗಿ ದಂಡ ಕಟ್ಟಿಸಿಕೊಂಡು ಮುಗಿಸುತ್ತಾರೆ. ರಸೀದಿ ಜೋಪಾನ. ಆದರೆ ತಪ್ಪೊಪ್ಪಿಗೆಯೆಂದರೆ ಅಪರಾಧ ಸಾಬೀತಾದಂತೆ. ನೌಕರಿ ಅರ್ಜಿಯಲ್ಲಿ ‘ಶಿಕ್ಷೆ ಆಗಿದೆಯೇ’ ಎಂದು ಕೇಳಿದರೆ ಮುಚ್ಚಿಡುವಂತಿಲ್ಲ. ನೀವು ರೈಲ್ವೆ ಜಾಗದಲ್ಲಿ ಇರಲೇ ಇಲ್ಲ ಎಂದಾದರೆ ಒಪ್ಪಿಕೊಳ್ಳಬೇಡಿ, ವಕೀಲರನ್ನು ಹಿಡಿಯಿರಿ. ಎಲ್ಲಕ್ಕಿಂತ ಕೆಟ್ಟ ದಾರಿ ಹಾಜರಾಗದೆ ಇರುವುದು. ವಾರಂಟ್ ಹೊರಟರೆ ಐನೂರು ರೂಪಾಯಿಯ ಮಾತು ಅಲ್ಲಿಗೆ ಮುಗಿಯುತ್ತದೆ.

147 ದಾಟಿ ಹೋಗುವ ಸಂದರ್ಭಗಳು

ಮುಚ್ಚಿದ ಗೇಟನ್ನು ತೆರೆದರೆ 160ನೇ ಕಲಂ, 3 ವರ್ಷದವರೆಗೆ. ಗೇಟು ಮುರಿದರೆ 5 ವರ್ಷದವರೆಗೆ. ಗೇಟಿನ ಅಡ್ಡಪಟ್ಟಿ (ಬೂಮ್) ಕೆಳಗೆ ಬರುವಾಗ ಆಟೋ ನುಗ್ಗಿಸಿ ಅದನ್ನು ಮುರಿಯುವವರು ಬಂದು ನಿಲ್ಲುವುದು ಇಲ್ಲಿಗೆ. ರೈಲಿನ ಚಾವಣಿ ಅಥವಾ ಮೆಟ್ಟಿಲ ಮೇಲೆ ನಿಲ್ಲುವುದು 156. ವಿಡಿಯೊ ಚೆನ್ನಾಗಿ ಬರಲಿ ಎಂದು ಹಳಿ ಮೇಲೆ ಕಲ್ಲು ಇಡುವವರ ಕೇಸು ಅತಿಕ್ರಮವೇ ಅಲ್ಲ. ಅದು ನೇರವಾಗಿ ರೈಲಿನ ಸುರಕ್ಷತೆಗೆ ಧಕ್ಕೆ ತಂದ ಗಂಭೀರ ಅಪರಾಧ.

ಇದೆಲ್ಲಕ್ಕಿಂತ ಮನೆಯವರನ್ನು ಕಾಡುವ ವಿಷಯ ಪರಿಹಾರ. ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ 124-ಎ ಕಲಂ ಅಡಿ 8 ಲಕ್ಷ ರೂಪಾಯಿ ಪರಿಹಾರವಿದೆ. ಅತಿಕ್ರಮವಾಗಿ ಹಳಿ ದಾಟುವವರು ರೈಲಿಗೆ ಸಿಕ್ಕಿ ಸತ್ತರೆ ಅದು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ.

ರೈಲು ಕಾಣಿಸುತ್ತದೆ, ದಾಟಬಹುದು ಎಂಬ ಲೆಕ್ಕ ಯಾಕೆ ತಪ್ಪುತ್ತದೆ

ಗಂಟೆಗೆ 110 ಕಿ.ಮೀ. ವೇಗದ ರೈಲು ಸೆಕೆಂಡಿಗೆ 30 ಮೀಟರ್ ಓಡುತ್ತದೆ. 300 ಮೀಟರ್ ದೂರದಲ್ಲಿ ಕಂಡರೆ ನಿಮಗಿರುವುದು 10 ಸೆಕೆಂಡು. ಎದುರಿನಿಂದ ಬರುವ ವಸ್ತುವಿನ ವೇಗ ಕಣ್ಣಿಗೆ ತಿಳಿಯುವುದಿಲ್ಲ, ದೊಡ್ಡದಾಗುತ್ತಿದೆ ಅನ್ನಿಸುವಷ್ಟರಲ್ಲಿ ತಲೆ ಮೇಲಿರುತ್ತದೆ. ಲೋಕೊ ಪೈಲಟ್ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು. ಬೋಗಿ ಹಳಿಯ ಆಚೆಗೂ ಸುಮಾರು ಮುಕ್ಕಾಲು ಮೀಟರ್ ಚಾಚಿರುತ್ತದೆ, ಹಾಗಾಗಿ ಹಳಿ ದಾಟಿ ಪಕ್ಕದಲ್ಲಿ ನಿಂತವರಿಗೂ ಬಡಿಯುತ್ತದೆ. ಒಂದು ರೈಲು ಹೋಗಿದ್ದೇ ತಡ ದಾಟುವವರನ್ನು ಕೊಲ್ಲುವುದು ಅದರ ಹಿಂದೆ ಮರೆಯಾಗಿ ಬರುವ ಎರಡನೆಯದು. ಕಂಟೋನ್ಮೆಂಟ್–ವೈಟ್‌ಫೀಲ್ಡ್ ಭಾಗದಲ್ಲಿ ಎರಡು ಹಳಿ ನಾಲ್ಕಾಗುವ ಕೆಲಸ ನಡೆದಿದೆ; ಎರಡನ್ನಷ್ಟೇ ನೋಡಿ ದಾಟುವ ಹಳೆಯ ಅಭ್ಯಾಸ ಅಲ್ಲಿ ಇನ್ನೂ ಅಪಾಯ. ನಿಂತ ಗೂಡ್ಸ್ ಬೋಗಿ ಹತ್ತಿ ಇಳಿಯುವವರಿಗೆ ಮೇಲಿನ 25,000 ವೋಲ್ಟ್ ತಂತಿ ಮುಟ್ಟಬೇಕೆಂದಿಲ್ಲ, 2 ಮೀಟರ್‌ಗಿಂತ ಹತ್ತಿರ ಹೋದರೇ ಅಪಾಯ.

ನಿಮ್ಮ ಬಡಾವಣೆಯ ಕಂಡಿಗೆ ಏನು ಮಾಡುವುದು

ಬರೀ ಕಂಡಿ ಮುಚ್ಚಿಸಿದರೆ ವಾರದೊಳಗೆ ಹತ್ತಡಿ ಪಕ್ಕದಲ್ಲಿ ಇನ್ನೊಂದು ಬೀಳುತ್ತದೆ. ಜನ ಎಲ್ಲಿಗೆ ಹೋಗುತ್ತಿದ್ದಾರೆ ಎಂಬ ಪ್ರಶ್ನೆಗೆ ಉತ್ತರವಿಲ್ಲದ ಗೋಡೆ ನಿಲ್ಲುವುದಿಲ್ಲ. ಆರ್‌ಪಿಎಫ್ ಗಸ್ತಿಗೂ ಇದೇ ಮಿತಿ: ಗಸ್ತು ಇರುವ ಗಂಟೆ ಜನ ಮೆಟ್ಟಿಲು ಹತ್ತುತ್ತಾರೆ, ಹೋದ ಮೇಲೆ ಮತ್ತೆ ಕಂಡಿ.

ದೂರು ಕೊಡುವಾಗ ‘ದೇವಸ್ಥಾನದ ಹಿಂದೆ’ ಅಂದರೆ ಸಾಲದು. ವಿದ್ಯುತ್ ತಂತಿ ಹೊತ್ತ ಕಂಬಗಳ ಮೇಲೆ ಕಿ.ಮೀ. ಸಂಖ್ಯೆಯೂ ಆ ಕಿ.ಮೀ.ಯೊಳಗಿನ ಕಂಬದ ಸಂಖ್ಯೆಯೂ ಇರುವ ಫಲಕವಿರುತ್ತದೆ. ಪ್ಲಾಟ್‌ಫಾರಂ, ಸೇತುವೆ ಅಥವಾ ಕಾಂಪೌಂಡಿನ ಈಚೆಯಿಂದ ಫೋನಿನಲ್ಲಿ ಜೂಮ್ ಮಾಡಿ ಓದಿಕೊಳ್ಳಿ (ಒಳಗೆ ಹೋಗಿ ಓದಿದರೆ ನಿಮ್ಮ ಮೇಲೇ 147). ಆ ಸಂಖ್ಯೆ ಹೇಳಿದರೆ 139ರಲ್ಲೂ ರೈಲ್ವೆಯ ದೂರು ಆ್ಯಪ್ ರೈಲ್ ಮದದ್‌ನಲ್ಲೂ ದೂರು ನೇರ ಜಾಗಕ್ಕೆ ತಲುಪುತ್ತದೆ.

ಸ್ಕೈವಾಕ್ ಅಥವಾ ಪಾದಚಾರಿ ಸುರಂಗ ಬೇಕಿದ್ದರೆ ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಮುಖ್ಯಸ್ಥರಾದ ಡಿಆರ್‌ಎಂಗೆ ಒಂದು, ನಗರಪಾಲಿಕೆಗೆ ಒಂದು ಪತ್ರ ಬರೆಯಿರಿ. ನಿಲ್ದಾಣದ ಹೊರಗಿನ ಇಂಥ ಕಾಮಗಾರಿಗೆ ಹಣ ಸಾಮಾನ್ಯವಾಗಿ ಸ್ಥಳೀಯ ಸಂಸ್ಥೆಯಿಂದಲೇ ಬರಬೇಕು. ರೈಲ್ವೆಗೆ ಮಾತ್ರ ಬರೆದು ಕಾಯುವವರ ಅರ್ಜಿ ನಿಲ್ಲುವುದು ಅಲ್ಲೇ. ಪತ್ರದಲ್ಲಿ ಕಂಬದ ಸಂಖ್ಯೆ, ಬೆಳಗ್ಗೆ 8ರಿಂದ 10, ಸಂಜೆ 5ರಿಂದ 8ರವರೆಗೆ ಎಷ್ಟು ಜನ ದಾಟುತ್ತಾರೆ ಎಂಬ ಎಣಿಕೆ, ಎರಡೂ ಬದಿಯ ಶಾಲೆ, ಬಸ್ ಸ್ಟಾಪು, ಮಾರುಕಟ್ಟೆ, ಹತ್ತಿರದ ಕಾನೂನುಬದ್ಧ ದಾರಿ ಎಷ್ಟು ಮೀಟರ್ ದೂರ ಎಂಬುದು ಇರಲಿ. ಬೈಗುಳಕ್ಕಿಂತ ಈ ನಾಲ್ಕು ಅಂಕಿಗಳು ಕೆಲಸ ಮಾಡುತ್ತವೆ.

ಹಳಿಗೆ ಅಡ್ಡವಾಗಿ ಗಾಡಿಯೋ ಮನುಷ್ಯರೋ ಸಿಕ್ಕಿಕೊಂಡದ್ದು ಕಂಡರೆ ಗೇಟ್‌ಮ್ಯಾನ್ ಅಥವಾ ಸ್ಟೇಷನ್ ಮಾಸ್ಟರಿಗೆ ತಿಳಿಸಿ, 139ಕ್ಕೆ ಕರೆ ಮಾಡಿ. ರೈಲು ಬರುತ್ತಿದ್ದರೆ ಹಳಿಯಿಂದ ದೂರ ನಿಂತು, ಚಾಲಕನಿಗೆ ಎದುರಾಗಿ ಎರಡೂ ಕೈಗಳನ್ನು ತಲೆಯ ಮೇಲೆ ನೇರ ಎತ್ತಿ. ಅದು ರೈಲ್ವೆಯಲ್ಲಿ ‘ನಿಲ್ಲಿಸು’ ಎಂಬ ಕೈ ಸಂಕೇತ. ರಾತ್ರಿಯಾದರೆ ಬಿಳಿ ಟಾರ್ಚನ್ನು ಅಡ್ಡಡ್ಡ ಜೋರಾಗಿ ಬೀಸಿ.

ನಮ್ಮ ಮೆಟ್ರೊ ಹಳಿ ಆರ್‌ಪಿಎಫ್ ವ್ಯಾಪ್ತಿಯದಲ್ಲ, ಅದಕ್ಕೆ 2002ರ ಮೆಟ್ರೊ ಕಾಯ್ದೆ. ಅಲ್ಲಿ ಕರೆಂಟು ಮೇಲಿನ ತಂತಿಯಲ್ಲಿಲ್ಲ, ಹಳಿಯ ಪಕ್ಕದ ಮೂರನೇ ಹಳಿಯಲ್ಲಿದೆ, 750 ವೋಲ್ಟ್. ಫೋನ್ ಕೆಳಗೆ ಬಿದ್ದರೆ ಇಳಿಯದೆ ಪ್ಲಾಟ್‌ಫಾರಂನ ಸಿಬ್ಬಂದಿಗೆ ಹೇಳಿ, ಅವರೇ ತೆಗೆಸಿಕೊಡುತ್ತಾರೆ.