ಹಳೇ ಮನೆಯ ಪಾಗಾರದ ತೋಟ ಉಳಿಸಿಕೊಳ್ಳುವುದು ಹೇಗೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ದೊಡ್ಡ ಹಳೇ ಮನೆಗಳ ಹಿಂದೆ ಜಂಬಿಟ್ಟಿಗೆ ಕಲ್ಲಿನ ಪಾಗಾರ ಹಾಕಿದ ಹೂವಿನ ತೋಟ ಅಲ್ಲಲ್ಲಿ ಇನ್ನೂ ಇವೆ. ಮನೆಯವರು ಬೆಂಗಳೂರು ಸೇರುತ್ತಾರೆ, ಒಳಗೆ ಲಂಟಾನ ಹಬ್ಬುತ್ತದೆ, ಒಂದು ಮಳೆಗಾಲದಲ್ಲಿ ಗೋಡೆಯ ಒಂದು ತುಂಡು ಮಲಗುತ್ತದೆ. ಆಗ ಎಲ್ಲರಿಗೂ ಹೊಳೆಯುವುದು ಎರಡೇ: ಜೆಸಿಬಿ ಮತ್ತು ಸಿಮೆಂಟು. ಎರಡೂ ಬೇಡ.

ಮೊದಲು ಜೋರು ಮಳೆಯಲ್ಲಿ ಕೊಡೆ ಹಿಡಿದು ಗೋಡೆಯ ಉದ್ದಕ್ಕೂ ಒಂದು ಸುತ್ತು ಬನ್ನಿ. ಉಂಬಳ (ಜಿಗಣೆ) ಹತ್ತುತ್ತದೆ, ಜೇಬಲ್ಲಿ ಸ್ವಲ್ಪ ಉಪ್ಪಿರಲಿ. ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕಲ್ಲಿನ ಸಂದಿಯಿಂದ ಕೆಂಪಾಗಿ ಜಿನುಗುತ್ತದೆ ನೋಡಿ ಗುರುತು ಮಾಡಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕರಗಿ ಹೋಗುತ್ತಿದೆ ಅಂತ ಅರ್ಥ. ಗೋಡೆ ಹಳೇದಾಯ್ತು ಅಂತ ಬೀಳುವುದಿಲ್ಲ, ತಲೆಯಿಂದ ನೀರು ಇಳಿದು ಬುಡದಲ್ಲಿ ಹೊರಗೆ ಹೋಗಲು ದಾರಿ ಸಿಗದೆ ಬೀಳುತ್ತದೆ.

ಹಾಗಾಗಿ ಖರ್ಚಿಲ್ಲದ ಕೆಲಸ ಮೊದಲು. ಬುಡದ ಬಸಿಗಾಲುವೆ ಹುಡುಕಿ, ಹೂಳು ತೆಗೆಯಿರಿ. ಹಳೇ ಗೋಡೆಗಳಲ್ಲಿ ಸಾಮಾನ್ಯವಾಗಿ ನೀರು ಹೋಗುವ ಕಿಂಡಿ ಇರುತ್ತದೆ, ಎಲೆ ಕೊಳೆತು ಮುಚ್ಚಿರುತ್ತದೆ ಅಷ್ಟೆ. ತಲೆಗೆ ಸದ್ಯಕ್ಕೆ ಅಡಿಕೆ ಸೋಗೆ ಹೊದಿಸಿದರೂ ಒಂದು ಮಳೆಗಾಲ ದಾಟುತ್ತದೆ. ನೀರು ನಡೆಸುವುದು ಹೇಗೆ ಅಂತ ನೋಡಬೇಕಿದ್ದರೆ ಹೊಸನಗರ ತಾಲೂಕಿನ ನಗರ ಎಂಬ ಊರಿನ (ಹಳೇ ಬಿದನೂರು) ಹತ್ತಿರದ ದೇವಗಂಗೆ ಕೊಳಗಳಿಗೆ ಹೋಗಿ ಬನ್ನಿ. ಕೆಳದಿ ಅರಸರ ಕಾಲದ್ದು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದು ಅರಸೊತ್ತಿಗೆ ಮುಗಿದರೂ, ಗುಡ್ಡದ ನೀರು ಕೊಳದಿಂದ ಕೊಳಕ್ಕೆ ಇಳಿದು ಹೊರಗೆ ಹೋಗುವ ಏರ್ಪಾಡು ಅಲ್ಲಿ ಇವತ್ತಿಗೂ ಕಾಣುತ್ತದೆ.

ಗೋಡೆ ಮೇಲಿನ ಅರಳಿ, ಗೋಣಿ ಗಿಡಗಳನ್ನು ಮಾತ್ರ ದಯವಿಟ್ಟು ಕಿತ್ತು ಎಳೆಯಬೇಡಿ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ, ಕೂದಲಿನಷ್ಟು ಸಣ್ಣ ಬೇರಾಗಿ ಸಂದಿಗೆ ಇಳಿದು, ಆಮೇಲೆ ದಪ್ಪಗಾಗಿ ಕಲ್ಲನ್ನೇ ತಬ್ಬಿಕೊಂಡಿರುತ್ತದೆ. ಎಳೆದರೆ ಕಲ್ಲೂ ಬರುತ್ತದೆ. ಬೆರಳು ಗಾತ್ರದ ಗಿಡವಾದರೆ ಸಂದಿಯ ಗಾರೆ ಬಿಡಿಸಿ ಬೇರು ಸಮೇತ ತೆಗೆಯಬಹುದು. ದೊಡ್ಡದಾದರೆ ಕಾಂಡ ಕತ್ತರಿಸಿ, ಚಿಗುರಿದಾಗೆಲ್ಲ ಚಿವುಟುತ್ತಾ ಬೇರು ಸಾಯಲು ಬಿಡಿ. ಉಪ್ಪು, ಆಸಿಡ್ ಸುರಿಯಬೇಡಿ, ಅದು ಕಲ್ಲನ್ನೂ ತಿನ್ನುತ್ತದೆ. ಇಂಗು ತುಂಬಿದರೆ ಮರ ಒಣಗುತ್ತದೆ ಅನ್ನುವವರೂ ಇದ್ದಾರೆ, ನನಗಂತೂ ನಂಬಿಕೆ ಇಲ್ಲ. ದೊಡ್ಡ ಮರವೇ ಆಗಿದ್ದರೆ ಕಡಿಯುವ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿ.

ಇನ್ನು ಸಿಮೆಂಟಿನ ವಿಷಯ. ಜಂಬಿಟ್ಟಿಗೆ ತುಂಬಾ ತೂತಿನ ಕಲ್ಲು, ನೀರು ಕುಡಿದು ಆಮೇಲೆ ಒಣಗಬೇಕು. ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಬರಲಾಗದೆ ಕಲ್ಲೇ ಪುಡಿಯಾಗುತ್ತದೆ. ಎಲ್ಲಾದರೂ ಹಳೇ ಸಿಮೆಂಟ್ ಚಕ್ಕೆ ಎದ್ದಿದ್ದರೆ ಹಿಂದೆ ಬೆರಳಿಟ್ಟು ನೋಡಿ, ಅರಿಶಿನ-ಕುಂಕುಮ ಬೆರೆಸಿದ ಹಾಗೆ ಹುಡಿ ಉದುರುತ್ತದೆ. ಅದಕ್ಕೆ ಸುಣ್ಣದ ಗಾರೆಯೇ ಆಗಬೇಕು. ಸುಟ್ಟ ಸುಣ್ಣವನ್ನು ನೀರಿಗೆ ಹಾಕಿ ಅರಳಿಸಿ (ಕುದಿಯುತ್ತದೆ, ಕಣ್ಣು ಜೋಪಾನ, ಮಕ್ಕಳು ದೂರ), ಕೆಲವು ವಾರ ನೀರಿನಡಿ ನೆನೆಯಲು ಬಿಟ್ಟು, ಒಂದು ಪಾಲಿಗೆ ಮೂರು ಪಾಲು ಮರಳು ಸೇರಿಸಿ. ಹಳೇ ಇಟ್ಟಿಗೆ ಪುಡಿ ಸ್ವಲ್ಪ ಬೆರೆತರೆ ನೀರಿಗೆ ಇನ್ನೂ ಗಟ್ಟಿ. ಸುಣ್ಣ ಗಾಳಿ ಎಳೆದುಕೊಂಡು ನಿಧಾನಕ್ಕೆ ಗಟ್ಟಿಯಾಗುವುದರಿಂದ ಮಳೆಗಾಲದಲ್ಲಿ ಈ ಕೆಲಸ ಬೇಡ. ಡಿಸೆಂಬರಿನಿಂದ ಶುರು ಮಾಡಿ, ಬಿಸಿಲು ಬಿದ್ದ ಕಡೆ ಒದ್ದೆ ಗೋಣಿಚೀಲ ಹೊದಿಸಿ. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ಸಿಕ್ಕರೆ ಕೂಲಿಗೆ ಚೌಕಾಸಿ ಮಾಡಬೇಡಿ.

ತೋಟದ ಒಳಗೆ ಅವಸರ ಬೇಡ. ಲಂಟಾನ, ಯುಪಟೋರಿಯಂ ಬುಡಸಮೇತ ತೆಗೆದು, ಒಂದು ಮಳೆ ಬರುವವರೆಗೆ ನೆಲ ಅಗೆಯದೆ ಬಿಡಿ. ಡೇರೆ (ಡೇಲಿಯಾ) ಗೆಡ್ಡೆ, ಸುಗಂಧರಾಜ ಉಳಿದಿದ್ದರೆ ತಾವಾಗಿ ಚಿಗುರಿ ಹಳೇ ಸಾಲು ತೋರಿಸುತ್ತವೆ. ಆಮೇಲೆ ಏನೇ ನೆಟ್ಟರೂ ಸಂಪಿಗೆ, ರಂಜದಂಥ ಮರಗಳನ್ನು ಗೋಡೆಯಿಂದ ದೂರ ಇಡಿ, ಗೋಡೆ ಬುಡಕ್ಕೆ ನಂದಿಬಟ್ಟಲು ಸಾಕು.

ಕೋಟೆ, ಹಳೇ ದೇವಸ್ಥಾನದ ಪಕ್ಕದ ಜಾಗವಾದರೆ ಒಂದು ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ರಿಪೇರಿಗೂ ಅನುಮತಿ ಬೇಕು. ಅಲ್ಲಿಂದಾಚೆ ಇನ್ನೂ 200 ಮೀಟರ್ ತನಕ ಅನುಮತಿ ಕೇಳಲೇಬೇಕು. ಸುಣ್ಣ ನೆನೆಹಾಕುವ ಮೊದಲೇ ಅರ್ಜಿ ಕೊಟ್ಟುಬಿಡಿ.