ಜುಲೈ 5ರ ಅಲ್ಜೀರಿಯಾ ಬಾವುಟ, ಮಡಿಕೇರಿಯ ಮಳೆಗೆ ತಕ್ಕಂತೆ

ಅಲ್ಜೀರಿಯಾ ಸ್ವತಂತ್ರವಾದದ್ದು 1962ರಲ್ಲಿ. ಫ್ರಾನ್ಸ್ ಜುಲೈ 3ಕ್ಕೇ ಒಪ್ಪಿತ್ತು. ಆದರೆ 1830ರಲ್ಲಿ ರಾಜಧಾನಿ ಅಲ್ಜಿಯರ್ಸ್ ಫ್ರೆಂಚರ ಕೈಸೇರಿದ್ದು ಜುಲೈ 5ರಂದು; ಅದಕ್ಕೇ ಸ್ವಾತಂತ್ರ್ಯ ದಿನಕ್ಕೆ ಆ ದಿನವನ್ನೇ ಆರಿಸಿಕೊಂಡರು. ಶಾಲೆಯಲ್ಲಿ ಆಚರಿಸುವಾಗ ಮಕ್ಕಳಿಗೆ ಮೊದಲು ಇದನ್ನು ಹೇಳಿ.

ಆಗ ಕೊಡಗಿನಲ್ಲಿ ಮಳೆ ಜೋರು, ಕಾಗದದ ಬಾವುಟ ಅರ್ಧ ಗಂಟೆಯೂ ನಿಲ್ಲದು. ಬಟ್ಟೆಯದ್ದೇ ಹೊಲಿಯಿರಿ. 90 ಸೆಂ.ಮೀ. ಉದ್ದ, 60 ಸೆಂ.ಮೀ. ಎತ್ತರಕ್ಕೆ ಹಸಿರು, ಬಿಳಿ ತಲಾ 45. ಹೊಲಿಗೆಗೆ ಸುತ್ತ 1 ಸೆಂ.ಮೀ. ಹೆಚ್ಚು ಬಿಡಿ. ಹಸಿರು ಕಂಬದ ಕಡೆಗೆ. ನಡುಹೊಲಿಗೆಯ ಮೇಲೆ ಕೆಂಪು ಅರ್ಧಚಂದ್ರ: ಹೊರವೃತ್ತದ ವ್ಯಾಸ 30, ಒಳಗಿನದು 24. ಅದರ ಬಾಯಿ ಬಿಳಿಯ ಕಡೆ, ಅಲ್ಲೇ ಐದು ಮೂಲೆಯ ಕೆಂಪು ನಕ್ಷತ್ರ. ಕೆಂಪು ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರು ತಿಳಿಯಾಗುವವರೆಗೆ ಒಗೆದು, ಒಲೆಯ ಹತ್ತಿರ ಒಣಗಿಸಿ. ಇಲ್ಲದಿದ್ದರೆ ಮೊದಲ ಮಳೆಗೇ ಬಿಳಿ ಭಾಗವೆಲ್ಲ ಗುಲಾಬಿ.