ಹೊಸ ಬ್ಲಾಗಿಗೆ ಪ್ಲಗಿನ್: ನಾನು ಯಾವುದನ್ನು ಇಟ್ಟುಕೊಂಡೆ, ಯಾವುದನ್ನು ತೆಗೆದೆ

ನಮ್ಮ ಅಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಮಾಟುಂಗಾದ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಹಾಗೆ ದುಡಿಯುತ್ತಾ ಓದಿದ ಎಷ್ಟೋ ಜನ ಈ ಊರಲ್ಲಿದ್ದಾರೆ. ಅವರ ನೆನಪುಗಳನ್ನು ಕೇಳಿ ಬರೆದಿಡಬೇಕು ಅನ್ನಿಸಿ ಎರಡು ವರ್ಷದ ಹಿಂದೆ ಒಂದು ಬ್ಲಾಗು ಶುರು ಮಾಡಿದೆ. ನಾನಿರುವುದು ಡೊಂಬಿವಲಿಯಲ್ಲಿ, ಆಫೀಸು ಫೋರ್ಟ್‌ನಲ್ಲಿ. ಬರೆಯಲು ಸಿಗುವುದು ಭಾನುವಾರ ಮಾತ್ರ.

ಮೊದಲ ಭಾನುವಾರ ಒಂದಕ್ಷರ ಬರೆಯಲಿಲ್ಲ. ಯಾವುದೋ ವಿಡಿಯೋ ನೋಡಿಕೊಂಡು ಹತ್ತೊಂಬತ್ತು ಪ್ಲಗಿನ್ ಹಾಕಿದೆ. ಪ್ಲಗಿನ್ ಅಂದರೆ ಬ್ಲಾಗಿಗೆ ಹೊಸ ಕೆಲಸ ಕಲಿಸುವ ಪುಟ್ಟ ತಂತ್ರಾಂಶ. ಅದರಲ್ಲಿ ಎರಡು ಕ್ಯಾಶ್ ಪ್ಲಗಿನ್‌ಗಳಿದ್ದವು, ಅಂದರೆ ಪುಟ ಬೇಗ ತೆರೆಯುವ ಹಾಗೆ ಮಾಡುವಂಥವು. ಎರಡೂ ಒಂದೇ ಫೈಲಿಗೆ ಕೈ ಹಾಕುವಂಥವು. ರಾತ್ರಿ ಹೊತ್ತಿಗೆ ಬ್ಲಾಗು ತೆರೆದರೆ ಬರೀ ಬಿಳಿ ಪರದೆ. ಈಗ ನನ್ನ ಬ್ಲಾಗಿನಲ್ಲಿ ಐದು ಪ್ಲಗಿನ್ ಇವೆ. ಆ ಐದಕ್ಕೆ ಹೇಗೆ ಬಂದೆ ಅನ್ನುವುದನ್ನು ಹೇಳುತ್ತೇನೆ. ಹೊಸದಾಗಿ ಶುರು ಮಾಡುವವರ ಭಾನುವಾರ ಉಳಿಯಲಿ.

ನಾನು ಹೇಳುತ್ತಿರುವುದು ಬ್ಲಾಗು ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಬಗ್ಗೆ, ಅದೂ ಹೋಸ್ಟಿಂಗ್ (ಬ್ಲಾಗು ಇಡಲು ಬಾಡಿಗೆಯ ಜಾಗ) ಕೊಂಡು ನಾವೇ ಹಾಕಿಕೊಳ್ಳುವ ವರ್ಡ್‌ಪ್ರೆಸ್ ಬಗ್ಗೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಖಾತೆಯಲ್ಲಿ ಪ್ಲಗಿನ್ ಹಾಕಲು ಬರುವುದಿಲ್ಲ.

ಪ್ಲಗಿನ್ ಹುಡುಕುವ ಮುಂಚೆ, ಆ ಕೆಲಸ ವರ್ಡ್‌ಪ್ರೆಸ್ ತಾನೇ ಮಾಡುತ್ತದೆಯೇ ನೋಡಿ. ಹಳೆಯ ಪಟ್ಟಿಗಳಲ್ಲಿ ಹೇಳುವ ಎಷ್ಟೋ ಪ್ಲಗಿನ್ ಈಗ ಬೇಕಾಗಿಲ್ಲ. 2020ರ 5.5 ಆವೃತ್ತಿಯಿಂದ ಚಿತ್ರಗಳ ಲೇಜಿ ಲೋಡಿಂಗ್ ಒಳಗೇ ಇದೆ. ಓದುವವರು ಚಿತ್ರದ ಹತ್ತಿರ ಬಂದಾಗ ಮಾತ್ರ ಅದು ಇಳಿಯುತ್ತದೆ. ಸರ್ಚ್ ಎಂಜಿನ್‌ಗೆ ಬೇಕಾದ ಸೈಟ್‌ಮ್ಯಾಪ್ (ಬ್ಲಾಗಿನ ಪುಟಗಳ ಪಟ್ಟಿ) ಕೂಡ ಅದೇ ಆವೃತ್ತಿಯಿಂದ ತಾನಾಗಿಯೇ ತಯಾರಾಗುತ್ತದೆ. ಗ್ಯಾಲರಿ, ಕಾಲಂ, ಬಟನ್, ಆಡಿಯೋ ಎಲ್ಲಕ್ಕೂ ಎಡಿಟರ್‌ನಲ್ಲೇ ಬ್ಲಾಕ್ ಇದೆ. ನಾನು ಹಿರಿಯರ ಮಾತಿನ ರೆಕಾರ್ಡಿಂಗ್ ಹಾಕುವುದು ಆ ಆಡಿಯೋ ಬ್ಲಾಕ್‌ನಿಂದಲೇ.

ಹಾಗಾದರೆ ಮೊದಲು ಹಾಕಬೇಕಾದ್ದು ಯಾವುದು? ನನ್ನ ಮಟ್ಟಿಗೆ ಬ್ಯಾಕಪ್. ಇದನ್ನು ನಾನು ಬಹಳ ಮನಸ್ಸಿಟ್ಟು ಹೇಳುತ್ತಿದ್ದೇನೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತಲ್ಲ, ಆಗ ನಾವು ಕಲ್ಯಾಣದಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ಅಪ್ಪನ ಟ್ರಂಕಿನಲ್ಲಿ ರಾತ್ರಿ ಶಾಲೆಯ ನೋಟ್‌ಬುಕ್, ಗೆಳೆಯರ ಜೊತೆ ತೆಗೆಸಿಕೊಂಡ ಫೋಟೋ ಎಲ್ಲ ಇದ್ದವು. ನೀರು ಇಳಿದ ಮೇಲೆ ಕೈಗೆ ಬಂದದ್ದು ಮುದ್ದೆಯಾದ ಕಾಗದ. ಅದರ ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ.

ನಾನು ಹಾಕಿಕೊಂಡದ್ದು ಅಪ್‌ಡ್ರಾಫ್ಟ್‌ಪ್ಲಸ್. ಉಚಿತ ಆವೃತ್ತಿಯೇ ವಾರಕ್ಕೊಮ್ಮೆ ತಾನಾಗಿ ಬ್ಯಾಕಪ್ ತೆಗೆದು ಗೂಗಲ್ ಡ್ರೈವ್‌ಗೆ ಕಳಿಸುತ್ತದೆ. ಬ್ಯಾಕಪ್ ಬ್ಲಾಗು ಇರುವ ಸರ್ವರ್‌ನಲ್ಲೇ ಕೂತಿದ್ದರೆ ಪ್ರಯೋಜನವಿಲ್ಲ, ಟ್ರಂಕಿನ ಪ್ರತಿಯನ್ನೂ ಟ್ರಂಕಿನಲ್ಲೇ ಇಟ್ಟ ಹಾಗೆ. ಡೇಟಾಬೇಸ್ ಮತ್ತು ಫೈಲ್ ಎರಡಕ್ಕೂ ಟಿಕ್ ಹಾಕಿ. ಬರಹ ಇರುವುದು ಡೇಟಾಬೇಸಿನಲ್ಲಿ, ಫೋಟೋ ಇರುವುದು ಫೈಲುಗಳಲ್ಲಿ. ಟೂಲ್ಸ್‌ನಲ್ಲಿ ಸಿಗುವ ಎಕ್ಸ್‌ಪೋರ್ಟ್ ಸಾಕು ಅಂದುಕೊಳ್ಳಬೇಡಿ, ಅದರಲ್ಲಿ ಫೋಟೋಗಳ ಕೊಂಡಿ ಮಾತ್ರ ಬರುತ್ತದೆ, ಫೋಟೋ ಬರುವುದಿಲ್ಲ. ಬ್ಲಾಗಿನಲ್ಲಿ ಎರಡೇ ಬರಹ ಇರುವಾಗಲೇ ಒಂದನ್ನು ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತಂದು ನೋಡಿ. ಕಳೆದುಕೊಳ್ಳಲು ಏನೂ ಇಲ್ಲದಾಗ ಇದನ್ನು ಕಲಿಯುವುದು ಸುಲಭ.

ಇನ್ನು ಆಯ್ಕೆ. ವರ್ಡ್‌ಪ್ರೆಸ್‌ನ ಪ್ಲಗಿನ್ ಸಂಗ್ರಹದಲ್ಲಿ 60 ಸಾವಿರಕ್ಕೂ ಹೆಚ್ಚು ಉಚಿತ ಪ್ಲಗಿನ್ ಇವೆ. ಪ್ರತಿಯೊಂದರ ಪುಟದಲ್ಲೂ ಬಲಗಡೆ ಕೆಲವು ಸಾಲುಗಳಿರುತ್ತವೆ. ನಾನು ಮೊದಲು ನೋಡುವುದು ಕೊನೆಯ ಅಪ್‌ಡೇಟ್ ಯಾವಾಗ ಅನ್ನುವುದನ್ನು. ವರ್ಷ ದಾಟಿದ್ದರೆ ಅಲ್ಲಿಗೇ ಬಿಡುತ್ತೇನೆ. ಆಮೇಲೆ ವರ್ಡ್‌ಪ್ರೆಸ್‌ನ ಯಾವ ಆವೃತ್ತಿಯವರೆಗೆ ಪರೀಕ್ಷಿಸಿದ್ದಾರೆ, ಎಷ್ಟು ಕಡೆ ಬಳಕೆಯಲ್ಲಿದೆ ಎಂದು ನೋಡುತ್ತೇನೆ. ಸಪೋರ್ಟ್ ವಿಭಾಗದಲ್ಲಿ ಕಳೆದ ಎರಡು ತಿಂಗಳಲ್ಲಿ ಎಷ್ಟು ಸಮಸ್ಯೆ ಬಂದಿವೆ, ಎಷ್ಟು ಬಗೆಹರಿದಿವೆ ಅಂತ ಇರುತ್ತದೆ. ಒಂದು ಸ್ಟಾರ್ ಕೊಟ್ಟವರ ಮಾತನ್ನೂ ಓದುತ್ತೇನೆ, ಇತ್ತೀಚಿನದನ್ನು ಮಾತ್ರ. ಮೂರು ಜನ ಒಂದೇ ದೂರು ಹೇಳಿದ್ದರೆ ಅದು ನನಗೂ ಬರುತ್ತದೆ ಅಂತಲೇ ಲೆಕ್ಕ.

ಬಳಸುವವರು ಜಾಸ್ತಿ ಇದ್ದಾರೆ ಅನ್ನುವುದೊಂದೇ ಸಾಕಾಗುವುದಿಲ್ಲ. ಡಿಸ್‌ಪ್ಲೇ ವಿಜೆಟ್ಸ್ ಎಂಬ ಪ್ಲಗಿನ್ ಸುಮಾರು 2 ಲಕ್ಷ ಸೈಟುಗಳಲ್ಲಿತ್ತು. ಅದನ್ನು ಮಾಡಿದವರು ಬೇರೆಯವರಿಗೆ ಮಾರಿದರು. ಹೊಸ ಮಾಲೀಕರ ಕೈಯಲ್ಲಿ ಅದರೊಳಗೆ ಸ್ಪ್ಯಾಮ್ ಪುಟ ತೋರಿಸುವ ಕೋಡ್ ಸೇರಿಕೊಂಡಿತು. 2017ರಲ್ಲಿ ಅದನ್ನು ಸಂಗ್ರಹದಿಂದಲೇ ತೆಗೆದುಹಾಕಿದರು. ಹಾಗಾಗಿ ತಿಂಗಳಿಗೊಮ್ಮೆಯಾದರೂ ನಿಮ್ಮಲ್ಲಿರುವ ಪ್ಲಗಿನ್‌ಗಳ ಪುಟ ತೆರೆದು ನೋಡಿ. ಹಣ ಕೊಟ್ಟು ಕೊಳ್ಳಬೇಕಾದ ಪ್ಲಗಿನ್ ಪೆನ್‌ಡ್ರೈವ್‌ನಲ್ಲಿ ಸುಮ್ನೆ ಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಬೇಡ ಅನ್ನಿ. ಅಂಥ ಪ್ರತಿಗಳಲ್ಲಿ ಕಳ್ಳ ಕೋಡ್ ತುಂಬಿರುವುದು ಬಹಳ ಮಾಮೂಲು.

ವೇಗದ ವಿಷಯಕ್ಕೆ ಬರುತ್ತೇನೆ. ನಾಲಾಸೋಪಾರಾದಲ್ಲಿರುವ ಹಿರಿಯರೊಬ್ಬರ ಕಥೆ ಬರೆದು ಕೊಂಡಿ ಕಳಿಸಿದ್ದೆ. ಸಂಜೆ ಫೋನ್ ಮಾಡಿದರು. "ಏನಮ್ಮ, ನನ್ನ ಫೋಟೋ ಹಾಕಿದ್ದೀನಿ ಅಂದೆ, ಇಲ್ಲಿ ಚಕ್ರ ತಿರುಗ್ತಾನೇ ಇದೆ!" ನಾನು ತಕ್ಷಣ ಇನ್ನೊಂದು ಕ್ಯಾಶ್ ಪ್ಲಗಿನ್ ಹುಡುಕಲು ಕೂತೆ. ಆದರೆ ತಪ್ಪು ಇದ್ದದ್ದು ಫೋಟೋಗಳಲ್ಲಿ. ಮೊಬೈಲಿನಲ್ಲಿ ತೆಗೆದ ಒಂದೊಂದು ಫೋಟೋ 4-5 ಎಂಬಿ ಇತ್ತು, ಹಾಗೇ ಏರಿಸಿ ಪೂರ್ತಿ ಗಾತ್ರದಲ್ಲೇ ಕೂರಿಸಿದ್ದೆ. ಈಗ ಏರಿಸುವ ಮುಂಚೆ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸುತ್ತೇನೆ. ಅಷ್ಟರಿಂದಲೇ ಅವರ ಹಳೆಯ ಫೋನಿನಲ್ಲಿ ಪುಟ ತೆರೆಯಿತು.

ಆಮೇಲೆ ಒಂದೇ ಒಂದು ಕ್ಯಾಶ್ ಪ್ಲಗಿನ್ ಇಟ್ಟುಕೊಂಡೆ, ಡಬ್ಲ್ಯುಪಿ ಸೂಪರ್ ಕ್ಯಾಶ್. ಪುಟವನ್ನು ಪ್ರತಿ ಸಲ ಹೊಸದಾಗಿ ಕಟ್ಟದೆ, ಕಟ್ಟಿಟ್ಟದ್ದನ್ನೇ ಕೊಡುತ್ತದೆ. ನಿಮ್ಮ ಹೋಸ್ಟಿಂಗ್ ಲೈಟ್‌ಸ್ಪೀಡ್ ಸರ್ವರ್ ಮೇಲಿದ್ದರೆ ಲೈಟ್‌ಸ್ಪೀಡ್ ಕ್ಯಾಶ್ ಒಳ್ಳೆಯದು. ಬೇರೆ ಸರ್ವರ್‌ನಲ್ಲಿ ಅದರ ಪುಟ ಕ್ಯಾಶ್ ಕೆಲಸ ಮಾಡುವುದಿಲ್ಲ. ಹೋಸ್ಟಿಂಗ್‌ನವರನ್ನೇ ಕೇಳಿ ತಿಳಿದುಕೊಳ್ಳಿ. ಪರೀಕ್ಷೆಯನ್ನು ಮನೆಯ ವೈಫೈನಲ್ಲಿ ಮಾಡಬೇಡಿ. ನಾನು ಸಂಜೆಯ ಲೋಕಲ್‌ನಲ್ಲಿ ನಿಂತುಕೊಂಡೇ ಮೊಬೈಲ್ ಡೇಟಾದಲ್ಲಿ ತೆರೆದು ನೋಡುತ್ತೇನೆ. ನಮ್ಮ ಓದುಗರೂ ಹಾಗೇ ಓದುವುದು, ಅಲ್ವಾ?

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಕೆಲವು ಮಾತು ಹೇಳಬೇಕು. ಇಂಗ್ಲಿಷ್ ಪಟ್ಟಿಗಳಲ್ಲಿ ಇವು ಸಿಗುವುದಿಲ್ಲ. ಶೀರ್ಷಿಕೆ ಬರೆದ ಕೂಡಲೇ ವರ್ಡ್‌ಪ್ರೆಸ್ ಅದನ್ನೇ ಕೊಂಡಿಯಾಗಿ ಮಾಡುತ್ತದೆ. ಅಲ್ಲಿ ಕನ್ನಡ ಅಕ್ಷರಗಳು ಪರ್ಸೆಂಟ್ ಚಿಹ್ನೆಯ ಸಂಕೇತಗಳಾಗುತ್ತವೆ. ಒಂದು ಅಕ್ಷರಕ್ಕೆ 9 ಜಾಗ, ಅದರ ಕೊಂಬಿಗೆ ಇನ್ನೊಂದು 9, ಸೊನ್ನೆಗೆ ಮತ್ತೆ 9. 'ರಾತ್ರಿ' ಅನ್ನುವ ಪುಟ್ಟ ಪದವೇ 54 ಜಾಗ ತಿನ್ನುತ್ತದೆ. ಒಟ್ಟು ಸಿಗುವುದು 200. ನಾನು 'ಮಾಟುಂಗಾದ ರಾತ್ರಿ ಶಾಲೆಯ ನೆನಪುಗಳು' ಅಂತ ಬರೆದಿದ್ದೆ, ಕೊಂಡಿ 'ನೆ' ಅಕ್ಷರಕ್ಕೇ ನಿಂತುಹೋಯಿತು. ವಾಟ್ಸಾಪ್‌ನಲ್ಲಿ ಕಳಿಸಿದರೆ ಉದ್ದಕ್ಕೂ ಪರ್ಸೆಂಟ್ ಗುರುತುಗಳು. ಇದಕ್ಕೆ ಪ್ಲಗಿನ್ ಬೇಡ. ಪ್ರಕಟಿಸುವ ಮುಂಚೆ ಎಡಿಟರ್‌ನ ಬಲಗಡೆ ಕೊಂಡಿಯ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಮೂರು ಪದ ಬರೆಯಿರಿ, ಅಷ್ಟೇ. ಪ್ರಕಟಿಸಿದ ಮೇಲೆ ಬದಲಿಸಿದರೂ ಹಳೆಯ ಕೊಂಡಿಗೆ ಬಂದವರನ್ನು ವರ್ಡ್‌ಪ್ರೆಸ್ ತಾನೇ ಹೊಸದಕ್ಕೆ ಕಳಿಸುತ್ತದೆ.

ಅಕ್ಷರದ ಅಂದಕ್ಕೂ ಪ್ಲಗಿನ್ ಬೇಡ. 2024ರಲ್ಲಿ ಬಂದ 6.5 ಆವೃತ್ತಿಯಿಂದ ಫಾಂಟ್ ಲೈಬ್ರರಿ ಒಳಗೇ ಇದೆ. ಬ್ಲಾಕ್ ಥೀಮ್ (ಇಡೀ ಬ್ಲಾಗಿನ ವಿನ್ಯಾಸವನ್ನು ಬ್ಲಾಕ್‌ಗಳಿಂದಲೇ ಮಾಡುವಂಥದ್ದು) ಇದ್ದರೆ ನೋಟೋ ಸ್ಯಾನ್ಸ್ ಕನ್ನಡ ಫಾಂಟನ್ನು ಅಲ್ಲಿಂದಲೇ ನಿಮ್ಮ ಸರ್ವರ್‌ಗೆ ಇಳಿಸಿಕೊಳ್ಳಬಹುದು.

ಎಸ್‌ಇಓ ಪ್ಲಗಿನ್ (ಸರ್ಚ್ ಎಂಜಿನ್‌ನಲ್ಲಿ ಬ್ಲಾಗು ಸಿಗಲು ನೆರವಾಗುವಂಥದ್ದು) ಬೇಕಿದ್ದರೆ ಯೋಸ್ಟ್ ಅಥವಾ ರ್‍ಯಾಂಕ್ ಮ್ಯಾತ್, ಎರಡರಲ್ಲಿ ಒಂದು ಸಾಕು. ನಾನು ಯೋಸ್ಟ್ ಬಳಸುತ್ತೇನೆ, ಪುಟದ ವಿವರಣೆ ಬರೆಯುವುದಕ್ಕೆ ಮಾತ್ರ. ನಾವು ಕೊಟ್ಟ ಮುಖ್ಯ ಪದ ಎಷ್ಟು ಸಲ ಬಂದಿದೆ ಎಂಬಂಥದ್ದನ್ನು ನೋಡಿ ಅದು ತೋರಿಸುವ ಕೆಂಪು ಹಸಿರು ದೀಪಗಳಿಗಾಗಿ ನಿಮ್ಮ ಕನ್ನಡವನ್ನು ತಿದ್ದಬೇಡಿ. ನಮ್ಮ ಭಾಷೆಯಲ್ಲಿ ಶಾಲೆ, ಶಾಲೆಗೆ, ಶಾಲೆಯಿಂದ, ಶಾಲೆಯಲ್ಲೂ ಅಂತ ಪದ ಬೆಳೆಯುತ್ತಲೇ ಹೋಗುತ್ತದೆ. ಆ ಲೆಕ್ಕ ಅದಕ್ಕೆ ಸಿಗದೆ ನನಗೆ ದೀಪ ಕೆಂಪಾಗಿಯೇ ಉಳಿಯಿತು. ಹಸಿರಾಗಲಿ ಎಂದು ಒಂದೇ ಪದವನ್ನು ಮತ್ತೆ ಮತ್ತೆ ತುರುಕಿದ ಬರಹವನ್ನು ಅಕ್ಕನಿಗೆ ಓದಿಸಿದೆ. "ಇದು ನೀನು ಬರೆದ ಹಾಗಿಲ್ಲ" ಅಂದಳು. ಅವತ್ತೇ ಹಳೆಯದನ್ನು ವಾಪಸ್ ಹಾಕಿದೆ.

ಕಾಮೆಂಟುಗಳಲ್ಲಿ ಬರುವ ಸ್ಪ್ಯಾಮ್‌ಗೆ ಅಕಿಸ್ಮೆಟ್ ಇದೆ, ವ್ಯಾಪಾರವಿಲ್ಲದ ವೈಯಕ್ತಿಕ ಬ್ಲಾಗಿಗೆ ಉಚಿತ. ಲಾಗಿನ್‌ಗೆ ಎಷ್ಟು ಸಲ ತಪ್ಪು ಪಾಸ್‌ವರ್ಡ್ ಹಾಕಿದರೂ ವರ್ಡ್‌ಪ್ರೆಸ್ ತಾನಾಗಿ ತಡೆಯುವುದಿಲ್ಲ. ಅದಕ್ಕೆ ಲಿಮಿಟ್ ಲಾಗಿನ್ ಅಟೆಂಪ್ಟ್ಸ್ ರೀಲೋಡೆಡ್ ಹಾಕಿದ್ದೇನೆ. ಇವೆರಡು ಸೇರಿ ನನ್ನ ಐದು ಮುಗಿಯಿತು.

ಸಂಪರ್ಕದ ಫಾರ್ಮ್ ತೆಗೆದುಹಾಕಿದೆ. ಕಾಂಟ್ಯಾಕ್ಟ್ ಫಾರ್ಮ್ 7 ಸರಳವಾದ ಪ್ಲಗಿನ್, ಆದರೆ ಅದು ಬಂದ ಸಂದೇಶವನ್ನು ತಾನು ಉಳಿಸಿಕೊಳ್ಳುವುದಿಲ್ಲ, ಮೇಲ್ ಮಾಡುತ್ತದೆ ಅಷ್ಟೇ. ನಮ್ಮ ಹೋಸ್ಟಿಂಗ್‌ನಿಂದ ಆ ಮೇಲ್ ಹೊರಗೇ ಹೋಗುತ್ತಿರಲಿಲ್ಲ. ಅಪ್ಪನ ಜೊತೆ ಓದಿದವರೊಬ್ಬರು ಅಲ್ಲಿ ಉದ್ದಕ್ಕೆ ಬರೆದಿದ್ದರಂತೆ, ಆಮೇಲೆ ಬೇರೆಯವರಿಂದ ಗೊತ್ತಾಯಿತು. ಆ ಬರಹ ಸಿಗಲೇ ಇಲ್ಲ. ಈಗ ಪುಟದಲ್ಲಿ ನನ್ನ ಇಮೇಲ್ ವಿಳಾಸವನ್ನೇ ಬರೆದಿದ್ದೇನೆ. ಫಾರ್ಮ್ ಬೇಕೇ ಬೇಕು ಅನ್ನುವವರು ಜೊತೆಗೆ ಎಸ್‌ಎಂಟಿಪಿ ಪ್ಲಗಿನ್ (ಮೇಲನ್ನು ನಿಮ್ಮ ಇಮೇಲ್ ಖಾತೆಯ ಮೂಲಕ ಕಳಿಸುವಂಥದ್ದು) ಒಂದನ್ನು ಹಾಕಿ, ಬೇರೆ ಫೋನಿನಿಂದ ನೀವೇ ಒಂದು ಸಂದೇಶ ಕಳಿಸಿ ನೋಡಿ.

ಹಾಕುವಾಗ ಒಂದು ಸಲಕ್ಕೆ ಒಂದೇ ಪ್ಲಗಿನ್. ಮೊದಲು ಬ್ಯಾಕಪ್, ಆಮೇಲೆ ಹಾಕುವುದು, ಆಮೇಲೆ ಲಾಗಿನ್ ಆಗದ ಇನ್ನೊಂದು ಬ್ರೌಸರ್‌ನಲ್ಲಿ ಬ್ಲಾಗು ತೆರೆದು ನೋಡುವುದು. ಬಿಳಿ ಪರದೆ ಬಂದರೆ ಗಾಬರಿ ಬೇಡ, ಅಡ್ಮಿನ್ ಇಮೇಲ್ ನೋಡಿ. 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್ ಇಂಥ ಹೊತ್ತಲ್ಲಿ ರಿಕವರಿ ಮೋಡ್‌ನ ಕೊಂಡಿ ಕಳಿಸುತ್ತದೆ, ಕೆಟ್ಟ ಪ್ಲಗಿನ್ ಯಾವುದು ಅಂತಲೂ ಹೇಳುತ್ತದೆ. ಮೇಲ್ ಬರದಿದ್ದರೆ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್‌ಗೆ ಹೋಗಿ ಆ ಪ್ಲಗಿನ್‌ನ ಫೋಲ್ಡರ್ ಹೆಸರು ಬದಲಿಸಿ. ಅದು ತಾನಾಗಿ ನಿಂತುಹೋಗುತ್ತದೆ. ನಾನು ಆ ರಾತ್ರಿ ಬಚಾವಾದದ್ದು ಹೀಗೆ. ಬೇಡವಾದದ್ದನ್ನು ಡಿಆಕ್ಟಿವೇಟ್ ಮಾಡಿ ಬಿಡಬೇಡಿ, ಡಿಲೀಟ್ ಮಾಡಿ. ಬರೀ ನಿಲ್ಲಿಸಿಟ್ಟರೆ ಅದರ ಕೋಡ್ ಸರ್ವರ್‌ನಲ್ಲೇ ಉಳಿಯುತ್ತದೆ, ಅದರ ತೂತುಗಳೂ ಉಳಿಯುತ್ತವೆ.

ಮೊನ್ನೆ ಪಕ್ಕದ ಮನೆಯ ಮರಾಠಿ ಗೆಳತಿ, ಈ ಕಥೆಗಳು ಮರಾಠಿಯಲ್ಲೂ ಬರಲಿ, ನಾನೇ ಬರೆದುಕೊಡುತ್ತೇನೆ ಅಂದಳು. ಎರಡು ಭಾಷೆಗೆ ಪಾಲಿಲ್ಯಾಂಗ್ ಎಂಬ ಪ್ಲಗಿನ್ ಇದೆ, ಅದರ ಪುಟವನ್ನು ಓದಿಟ್ಟಿದ್ದೇನೆ. ಸದ್ಯ ಮರಾಠಿಯಲ್ಲಿ ಮೂರು ಬರಹ ತಯಾರಾಗಿವೆ. ಕನ್ನಡದ ಪುಟದ ಕೆಳಗೆ ಕೈಯಿಂದಲೇ ಕೊಂಡಿ ಕೊಟ್ಟಿದ್ದೇನೆ. ಇಪ್ಪತ್ತು ಆದಾಗ ಮತ್ತೆ ನೋಡುತ್ತೇನೆ.